ಮಧ್ಯಾಹ್ನಕ್ಕೆ ಇಳಿಯುತ್ತಾ? ಊದಿದ ಕಣ್ಣಿನ ಬಗ್ಗೆ ನನ್ನ ಅನುಭವ

ಕಣ್ಣ ಕೆಳಗೆ ಊದಿಕೊಂಡಿದೆ, ಏನು ಹಚ್ಚಲಿ ಅಂತ ಯಾರು ಕೇಳಿದರೂ ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಅದು ಇಳಿಯುತ್ತಾ, ಇಲ್ವಾ? ಬೆಳಿಗ್ಗೆ ಊದಿ ಮಧ್ಯಾಹ್ನಕ್ಕೆ ಇಳಿದರೆ ಅದು ಸಾಮಾನ್ಯವಾಗಿ ನೀರು. ದಿನವಿಡೀ ಹಾಗೇ ಇದ್ದರೆ ಹೆಚ್ಚಾಗಿ ಕೊಬ್ಬು. ಜೊತೆಗೆ ತುರಿಕೆಯೂ ಇದ್ದರೆ ಅಲರ್ಜಿ ಇರಬಹುದು. ಮೂರಕ್ಕೂ ದಾರಿ ಬೇರೆ ಬೇರೆ. ಆದರೆ ಹೆಚ್ಚಿನವರು ಮೂರಕ್ಕೂ ಒಂದೇ ಕ್ರೀಮು ಹಚ್ಚುತ್ತಾರೆ, ದುಡ್ಡು ಕಳೆದುಕೊಳ್ಳುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ.

ನಾನು ಮದುವೆಯ ಹೆಣ್ಣುಮಕ್ಕಳಿಗೆ ಮೇಕಪ್ ಮಾಡುತ್ತೇನೆ. ಮನೆ ಡೊಂಬಿವಲಿಯಲ್ಲಿ, ಕೆಲಸ ಮಾಟುಂಗಾ, ಮುಲುಂಡ್, ಥಾಣೆ ಅಂತ ಎಲ್ಲಾ ಕಡೆ. ಮುಂಬಯಿಯ ಕನ್ನಡದವರ ಮನೆಗಳೇ ಜಾಸ್ತಿ. ಮುಹೂರ್ತ ಬೆಳಿಗ್ಗೆ ಇದ್ದರೆ ಹೆಣ್ಣು ನನ್ನ ಮುಂದೆ ಕೂರುವಾಗ ಇನ್ನೂ ಕತ್ತಲೆ. ಅವಳ ಕಣ್ಣು ಊದಿರುತ್ತದೆ. ನನ್ನದೂ ಊದಿರುತ್ತಿತ್ತು. ಮುಖಕ್ಕೆ ಅಂದ ಕೊಡುವವಳ ಮುಖವನ್ನೇ ಜನ ಮೊದಲು ನೋಡುವುದು, ಅಲ್ವಾ? ಹಾಗಾಗಿ ಒಂದೊಂದನ್ನೂ ನನ್ನ ಮೇಲೆಯೇ ಮಾಡಿ ನೋಡಿದೆ.

ನೀರು ಕಣ್ಣಿನ ಸುತ್ತಲೇ ಯಾಕೆ ಸೇರುತ್ತದೆ ಅನ್ನುವುದು ಸರಳ. ಇಡೀ ಮೈಯಲ್ಲಿ ರೆಪ್ಪೆಯ ಚರ್ಮದಷ್ಟು ತೆಳುವಾದ ಚರ್ಮ ಬೇರೆಲ್ಲೂ ಇಲ್ಲ. ಅದರ ಕೆಳಗಿನ ಭಾಗವೂ ಸಡಿಲ. ಹಗಲಲ್ಲಿ ನಾವು ನಿಂತು, ಕೂತು ಓಡಾಡುವಾಗ ಮೈಯ ನೀರು ಕಾಲಿನ ಕಡೆ ಇಳಿಯುತ್ತದೆ. ರಾತ್ರಿ ಮಲಗಿದಾಗ ಮುಖದ ಕಡೆಗೂ ಹರಡುತ್ತದೆ. ಸಡಿಲ ಜಾಗ ಸಿಕ್ಕಲ್ಲಿ ನಿಲ್ಲುತ್ತದೆ. ಎದ್ದು ಓಡಾಡಿದ ಮೇಲೆ ತಾನೇ ಇಳಿಯುತ್ತದೆ.

ಈ ನೀರನ್ನು ಹಿಡಿದಿಡುವುದು ಉಪ್ಪು. ನನಗೆ ಎಲ್ಲಕ್ಕಿಂತ ಜಾಸ್ತಿ ಫರಕು ಕಂಡದ್ದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ. ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ, ಇಡೀ ದಿನಕ್ಕೆ. ಈಗ ನಮ್ಮ ರಾತ್ರಿ ಊಟ ನೋಡಿ. ಲೋಕಲ್ ರೈಲು ಇಳಿದು ಮನೆ ಸೇರುವಾಗ ಹತ್ತು ಗಂಟೆ. ಸುಸ್ತಾಗಿರುತ್ತದೆ. ಮೊಸರನ್ನ ಹಗುರ, ಅಷ್ಟೇ ತಿಂದು ಮಲಗೋಣ ಅಂದುಕೊಳ್ಳುತ್ತೇವೆ. ಮೊಸರನ್ನವೇನೋ ಹಗುರವೇ. ಆದರೆ ಅದರ ಪಕ್ಕದಲ್ಲಿ ಮಾವಿನ ಉಪ್ಪಿನಕಾಯಿ, ಒಂದೆರಡು ಹಪ್ಪಳ, ಊರಿಂದ ಬಂದ ಬಾಳಕದ ಮೆಣಸಿನಕಾಯಿ. ಮೀನು ತಿನ್ನುವವರ ಮನೆಯಲ್ಲಿ ಒಣ ಬೊಂಬಿಲ್. ಎಲ್ಲವೂ ಉಪ್ಪಿನಲ್ಲೇ ಉಳಿದಿರುವ ಪದಾರ್ಥಗಳು. ಹಪ್ಪಳಕ್ಕೆ ಉಪ್ಪಿನ ಜೊತೆ ಹಪ್ಪಳಖಾರವೂ ಬೀಳುತ್ತದೆ. ಅದರಲ್ಲಿರುವುದೂ ಸೋಡಿಯಮ್ಮೇ. ಢೋಕ್ಲಾಕ್ಕೆ ಹಾಕುವ ಸೋಡಾದ ಕತೆಯೂ ಅದೇ. ನಾಲಿಗೆಗೆ ಉಪ್ಪು ಅನ್ನಿಸದಿದ್ದರೂ ಮೈ ಲೆಕ್ಕ ಇಟ್ಟುಕೊಳ್ಳುತ್ತದೆ.

ನಾನು ಇವನ್ನೆಲ್ಲ ಬಿಡಲಿಲ್ಲ. ಬಿಡುವುದೂ ಬೇಡ. ಉಪ್ಪಿನಕಾಯಿ, ಹಪ್ಪಳ ಎರಡನ್ನೂ ಮಧ್ಯಾಹ್ನದ ಡಬ್ಬಿಗೆ ಸಾಗಿಸಿದೆ. ರಾತ್ರಿ ಮೊಸರನ್ನಕ್ಕೆ ಶುಂಠಿ, ಕರಿಬೇವು, ಹಸಿಮೆಣಸಿನ ಒಗ್ಗರಣೆ, ಮೇಲೆ ದಾಳಿಂಬೆ ಇಲ್ಲವೇ ಸೌತೆಕಾಯಿ. ಉಪ್ಪು ಕಡಿಮೆ ಹಾಕಿದರೂ ರುಚಿ ಕೆಡುವುದಿಲ್ಲ. ಸ್ಟೇಷನ್ ಹೊರಗಿನ ವಡಾಪಾವ್ ಸಂಜೆಯೇ ಆಗಲಿ. ಮಲಗುವ ಮುಂಚೆ ಫರ್ಸಾಣದ, ಅಂದರೆ ಸೇವು, ಚೂಡಾದಂಥ ಖಾರ ತಿಂಡಿಯ, ಡಬ್ಬಿ ತೆರೆಯುವುದನ್ನು ಮಾತ್ರ ಪೂರ್ತಿ ನಿಲ್ಲಿಸಿದೆ. ಮದ್ಯ ತೆಗೆದುಕೊಳ್ಳುವವರಿಗೂ ಇದೇ ಮಾತು. ಮಾರನೇ ದಿನ ಬೆಳಿಗ್ಗೆ ಕಣ್ಣು ಚೆನ್ನಾಗಿ ಕಾಣಬೇಕಿದ್ದರೆ ಹಿಂದಿನ ರಾತ್ರಿ ಬೇಡ.

ನೀರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂಬಯಿಯಲ್ಲಿ ದೂರದಿಂದ ಓಡಾಡುವ ಹೆಣ್ಣುಮಕ್ಕಳು ಹಗಲಿಡೀ ನೀರೇ ಕುಡಿಯುವುದಿಲ್ಲ. ದಾರಿಯಲ್ಲಿ ಬಾತ್‌ರೂಮಿನ ತೊಂದರೆ. ಮನೆಗೆ ಬಂದ ಮೇಲೆ ಲೋಟದ ಮೇಲೆ ಲೋಟ. ಉಪ್ಪಿನ ಊಟ, ಮೇಲೆ ಅಷ್ಟು ನೀರು, ತಕ್ಷಣ ನಿದ್ದೆ. ಹಾಗಂತ ನೀರು ಕಮ್ಮಿ ಮಾಡಿದರೆ ಊತ ಇಳಿಯುತ್ತದೆ ಅಂದುಕೊಳ್ಳಬೇಡಿ. ಹಗಲಲ್ಲಿ ಸ್ವಲ್ಪ ಸ್ವಲ್ಪ ಕುಡಿಯುತ್ತಾ ಇರಿ. ಕೆಲಸದ ಜಾಗ ಸೇರಿದ ಕೂಡಲೇ ಕುಡಿಯಲು ಶುರು ಮಾಡಿ ಅಂತ ನನ್ನ ಹುಡುಗಿಯರಿಗೆ ಹೇಳುತ್ತೇನೆ.

ಮಲಗುವ ರೀತಿಯೂ ಮುಖ್ಯ. ಬೋರಲು ಮಲಗಿದರೆ ಕೆಳಗಿರುವ ಕಣ್ಣು ಜಾಸ್ತಿ ಊದುತ್ತದೆ. ತಲೆ ಸ್ವಲ್ಪ ಎತ್ತರಕ್ಕಿರಲಿ. ದಿಂಬಿನ ಮೇಲೆ ದಿಂಬು ಇಟ್ಟರೆ ನನಗೆ ಕುತ್ತಿಗೆ ಹಿಡಿಯುತ್ತಿತ್ತು. ಅದಕ್ಕೆ ತಲೆ ಕಡೆ, ಹಾಸಿಗೆಯ ಅಡಿಗೆ, ಮಡಿಚಿದ ಚಾದರ ಇಟ್ಟೆ. ಬೆನ್ನಿನಿಂದಲೇ ಇಳಿಜಾರು ಬಂದರೆ ಕುತ್ತಿಗೆಗೆ ಆರಾಮ.

ಇನ್ನು ಬೆಳಗಿನ ಉಪಾಯ. ಮದುವೆಯ ಹಿಂದಿನ ದಿನ ಹುಡುಗಿಯರ ಮೆಸೇಜು ತಪ್ಪದೇ ಬರುತ್ತದೆ. ಮೆಹಂದಿ, ಹಾಡು, ಅಳು, ಪಾವ್‌ಭಾಜಿ ಎಲ್ಲಾ ಮುಗಿದಿರುತ್ತದೆ. "ಅಕ್ಕಾ, ಕಣ್ಣಿಗೆ ಐಸ್ ಇಡ್ಲಾ?" "ಐಸ್ ಬೇಡ ಪುಟ್ಟಾ, ಎರಡು ಸ್ಟೀಲ್ ಚಮಚ ಫ್ರಿಜ್‌ನಲ್ಲಿಟ್ಟು ಮಲಗು" ಅನ್ನುತ್ತೇನೆ. ಐಸನ್ನು ನೇರ ಇಟ್ಟರೆ ಅಷ್ಟು ತೆಳು ಚರ್ಮ ಸುಟ್ಟ ಹಾಗಾಗುತ್ತದೆ. ತಣ್ಣನೆಯ ಚಮಚದ ಉಬ್ಬಿದ ಬದಿಯನ್ನು ಮುಚ್ಚಿದ ಕಣ್ಣಿನ ಕೆಳಗೆ ಮೆಲ್ಲಗೆ ಇಡಬೇಕು. ಬಿಸಿಯಾದರೆ ಬದಲಿಸಬೇಕು. ತಣ್ಣೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯೂ ಆದೀತು. ಹತ್ತು ನಿಮಿಷ ಸಾಕು. ತಂಪಿಗೆ ರಕ್ತನಾಳಗಳು ಕುಗ್ಗುತ್ತವೆ, ಊತ ತಗ್ಗುತ್ತದೆ. ಸೌತೆಕಾಯಿ ಬಿಲ್ಲೆ, ತಣಿಸಿದ ಟೀ ಬ್ಯಾಗು ಎರಡನ್ನೂ ಇಟ್ಟು ನೋಡಿದ್ದೇನೆ. ಕೆಲಸ ಮಾಡುವುದು ಅವುಗಳ ತಂಪೇ ಅಂತ ನನ್ನ ಅನಿಸಿಕೆ. ನಿಂಬೆರಸ, ಟೂತ್‌ಪೇಸ್ಟು, ಮೂಲವ್ಯಾಧಿಯ ಮುಲಾಮು ಇವನ್ನೆಲ್ಲ ಕಣ್ಣಿನ ಹತ್ತಿರ ತರಲೇಬೇಡಿ. ತಂಪು ಮಾಡಿದ ಮೇಲೆ ಉಂಗುರದ ಬೆರಳಿನಿಂದ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹಗುರವಾಗಿ ಸವರಿ. ಒತ್ತಬೇಡಿ. ಮುಖ್ಯವಾಗಿ, ಮುಹೂರ್ತದ ದಿನ ಏಳಬೇಕಾದ ಹೊತ್ತಿಗಿಂತ ಇನ್ನೂ ಒಂದು ಗಂಟೆ ಮುಂಚೆ ಎದ್ದು ಓಡಾಡಿ. ಎಷ್ಟೋ ಊತ ಅದಕ್ಕೇ ಇಳಿಯುತ್ತದೆ.

ಮಳೆಗಾಲದಲ್ಲಿ ನನ್ನ ಕಣ್ಣಿನ ಕತೆಯೇ ಬೇರೆ. ಊತದ ಜೊತೆ ತುರಿಕೆ. ಉಪ್ಪು ಎಷ್ಟು ಇಳಿಸಿದರೂ ಕದಲಲಿಲ್ಲ. ಕಣ್ಣಿನ ಡಾಕ್ಟರು ನೋಡಿ ಅಲರ್ಜಿ ಅಂದರು. ಜುಲೈನಲ್ಲಿ ಇಲ್ಲಿನ ಮನೆಗಳು ನಿಮಗೆ ಗೊತ್ತು. ಗೋಡೆಯಲ್ಲಿ ತೇವ, ಬೂಷ್ಟು, ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಇಂಥ ತೇವದಲ್ಲಿ ದಿಂಬು, ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳಗಳು ಚೆನ್ನಾಗಿ ಬೆಳೆಯುತ್ತವೆ. ಮುಖ ಒತ್ತಿ ಮಲಗುವುದು ಅದರ ಮೇಲೆಯೇ. ದಿಂಬಿನ ಕವರು, ಚಾದರಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯುತ್ತೇನೆ. ಹಳೇ ಹತ್ತಿ ದಿಂಬನ್ನು ತೆಗೆದೆ. ಫ್ಯಾನಿನ ರೆಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ತುರಿಕೆ ಬಂದರೆ ಉಜ್ಜುವುದಿಲ್ಲ, ತಣ್ಣನೆ ಬಟ್ಟೆ ಇಡುತ್ತೇನೆ. ಉಜ್ಜಿದಷ್ಟೂ ಊತ ಹೆಚ್ಚುತ್ತದೆ.

ಡಾಕ್ಟರು ಬರೆದುಕೊಟ್ಟ ಹನಿಯನ್ನು ಅವರು ಹೇಳಿದಷ್ಟು ದಿನ ಮಾತ್ರ ಹಾಕಿದೆ. ಕೆಂಪಾಗಿದೆ, ತುರಿಸುತ್ತೆ ಅಂತ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಇರುವ ಹನಿ ತಂದು ತಿಂಗಳುಗಟ್ಟಲೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲುಕೋಮಾ ಬರಬಹುದು, ಪೊರೆಯೂ ಬರಬಹುದು.

ನಮ್ಮ ಕಸುಬಿನ ಸಾಮಾನುಗಳೂ ಕಾರಣವಾಗುತ್ತವೆ. ಅಂಟಿಸುವ ರೆಪ್ಪೆಗೂದಲಿನ ಗೋಂದು, ಹಳೇ ಕಾಡಿಗೆ, ಕೂದಲಿನ ಬಣ್ಣ. ನೇಲ್ ಪಾಲಿಶ್ ಕೂಡ, ಬೆರಳು ಕಣ್ಣಿಗೆ ಹೋಗುತ್ತಲೇ ಇರುತ್ತದಲ್ಲ. ಅದಕ್ಕೆ ಮದುವೆಗೆ ಮುಂಚೆ ಮೇಕಪ್ ಮಾಡಿ ನೋಡುವ ಟ್ರಯಲ್ ದಿನವೇ ಗೋಂದನ್ನು ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ ಅನ್ನುತ್ತೇನೆ. ರಾತ್ರಿ ಮೇಕಪ್ ತೆಗೆಯುವಾಗ ತಿಕ್ಕಬೇಡಿ. ಹತ್ತಿಯಲ್ಲಿ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಇಟ್ಟರೆ ತಾನೇ ಬಿಡುತ್ತದೆ.

ಕೆಲವು ಊತ ಮನೆಮದ್ದಿನದಲ್ಲ. ಒಂದೇ ಕಣ್ಣು ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ನೋವು, ಜ್ವರ ಇದ್ದರೆ, ನೋಟ ಮಸುಕಾದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ದಿನಾ ಬೆಳಿಗ್ಗೆ ಮುಖ ಊದಿ, ಕಾಲೂ ಊದಿ, ಮೂತ್ರದಲ್ಲಿ ನೊರೆ ಕಂಡರೆ ಕಿಡ್ನಿ ತಪಾಸಣೆ ಬೇಕು. ಊತದ ಜೊತೆ ಸುಸ್ತು, ತೂಕ ಏರುವುದು, ಚಳಿ ತಡೆಯಲಾಗದಿರುವುದು ಇದ್ದರೆ ಥೈರಾಯ್ಡ್ ನೋಡಿಸಿ. ಮಕ್ಕಳ ಕಣ್ಣು ಬೆಳಿಗ್ಗೆ ಪದೇ ಪದೇ ಊದಿದರೆ ನಿದ್ದೆ ಕಮ್ಮಿಯಾಗಿದೆ ಅಂತ ಸುಮ್ನೆ ಇರಬೇಡಿ.

ಇನ್ನು ಇಳಿಯದೇ ಉಳಿಯುವ ಚೀಲ. ವಯಸ್ಸಾಗುತ್ತಾ ಕಣ್ಣಿನ ಕೆಳಗಿನ ಕೊಬ್ಬನ್ನು ಹಿಡಿದಿಡುವ ಪದರ ಸಡಿಲವಾಗುತ್ತದೆ, ಕೊಬ್ಬು ಮುಂದೆ ಬರುತ್ತದೆ. ಮನೆತನದಿಂದಲೂ ಬರುತ್ತದೆ. ನಮ್ಮಮ್ಮನಿಗಿತ್ತು, ನನಗೂ ಸ್ವಲ್ಪ ಇದೆ. ಚಮಚ, ಕ್ರೀಮು ಯಾವುದೂ ಅದನ್ನು ತೆಗೆಯುವುದಿಲ್ಲ. ತೆಗೆಯಲೇಬೇಕು ಅಂದರೆ ಆಪರೇಷನ್. ನನಗೆ ಅದು ಬೇಕು ಅನ್ನಿಸಿಲ್ಲ. ಮೇಕಪ್ಪಿನಲ್ಲಿ ಮರೆಮಾಡುವವರು ಒಂದು ವಿಷಯ ತಿಳಿದಿರಲಿ. ಕಲೆ ಮುಚ್ಚಲು ಹಚ್ಚುವ ಕನ್ಸೀಲರ್ ತಿಳಿ ಬಣ್ಣದ್ದಾಗಿದ್ದು, ಅದನ್ನು ಉಬ್ಬಿನ ಮೇಲೆ ಹಚ್ಚಿದರೆ ಉಬ್ಬು ಇನ್ನೂ ಎದ್ದು ಕಾಣುತ್ತದೆ. ಉಬ್ಬಿನ ಕೆಳಗೆ ನೆರಳು ಬೀಳುವ ಗೆರೆ ಇರುತ್ತದಲ್ಲ, ಸಣ್ಣ ಬ್ರಷ್ಷಿನಲ್ಲಿ ಅಲ್ಲಿಗೆ ಮಾತ್ರ ಹಚ್ಚಿ ಅಂಚನ್ನು ಬೆರೆಸಿ. ಉಬ್ಬಿನ ಮೇಲೆ ನಿಮ್ಮ ಮೈಬಣ್ಣದ್ದೇ ಇರಲಿ, ಹೊಳಪಿನದ್ದು ಬೇಡ.