ಮನೆಗೆ ಕಳ್ಳರ ಅಲಾರಂ: ಚಿಕ್ಕಮಗಳೂರಿಗೆ ಹೊಸದಾಗಿ ಬಂದವರಿಗೆ

ಚಿಕ್ಕಮಗಳೂರಿಗೆ ವರ್ಗವಾಗಿ ಬಂದವರು ಗ್ಯಾಸು, ಶಾಲೆ, ಹಾಲಿನವರು ಎಲ್ಲ ಗೊತ್ತಾದ ಮೇಲೆ ಸಂಘದಲ್ಲಿ ಕೇಳುವ ಪ್ರಶ್ನೆ ಇದು: "ದಸರಾ ರಜೆಗೆ ಊರಿಗೆ ಹೋಗ್ತೀವಿ, ಮನೆಗೆ ಅಲಾರಂ ಹಾಕಿಸೋಣ್ವಾ?" ಹಾಕಿಸಿ. ಆದರೆ ಇಲ್ಲಿನ ಮಳೆ, ಕರೆಂಟು, ಹಳೇ ಮನೆಗಳನ್ನು ಲೆಕ್ಕಕ್ಕೆ ತಗೊಂಡು ಹಾಕಿಸಿ. ಅಲಾರಂ ದಂಡವಾಗುವುದು ಬಹುಪಾಲು ಸುಳ್ಳು ಕೂಗಿನಿಂದಲೇ. ನಾಲ್ಕು ರಾತ್ರಿ ಸುಮ್‌ಸುಮ್ನೆ ಕೂಗಿದರೆ ಐದನೇ ರಾತ್ರಿ ಪಕ್ಕದ ಮನೆಯವರು ಕಿಟಕಿ ಕೂಡ ತೆಗೆಯುವುದಿಲ್ಲ. ಆಮೇಲೆ ನೀವೇ ಬೇಸತ್ತು ಆಫ್ ಮಾಡಿಡುತ್ತೀರಿ.

ಮೊದಲು ಬಾಗಿಲು

ಅಲಾರಂ ಯಾರನ್ನೂ ತಡೆಯುವುದಿಲ್ಲ. ಬಂದಿದ್ದಾರೆ ಅಂತ ಕೂಗಿ ಹೇಳುತ್ತದೆ, ಅಷ್ಟೆ. ತಡೆಯಬೇಕಾದ್ದು ಬಾಗಿಲು. ಮುಂಬಾಗಿಲಿಗೆ ದುಬಾರಿ ಬೀಗ ಹಾಕಿ, ಹಿತ್ತಲ ಬಾಗಿಲಿಗೆ ಬಚ್ಚಲುಮನೆಗೆ ಹಾಕುವಂಥ ಚಿಲಕ ಬಿಟ್ಟಿರುವ ಮನೆಗಳು ಬೇಕಾದಷ್ಟಿವೆ. ಮೊದಲ ಖರ್ಚು ಅಲ್ಲಿ ಮಾಡಿ.

ಹೆಂಚಿನ ಮನೆಯಾದರೆ ಇನ್ನೊಂದು ವಿಚಾರ. ಹೆಂಚು ಸರಿಸಿ ಒಳಗೆ ಇಳಿದವರು ಬಾಗಿಲನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಬಾಗಿಲಿನ ಸೆನ್ಸರ್‌ಗೆ ಸುದ್ದಿಯೇ ಇರುವುದಿಲ್ಲ. ಅಂಥ ಮನೆಯ ನಡುಮನೆಗೆ ಓಡಾಟ ಗುರುತಿಸುವ ಸೆನ್ಸರ್ ಬೇಕೇ ಬೇಕು.

"ಕಿಟಕಿ ಗ್ರಿಲ್‌ಗೆ, ತಂತಿ ಬೇಲಿಗೆ ಕರೆಂಟು ಕೊಟ್ಟುಬಿಡಿ" ಅಂತ ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ. ಸಾಯುವುದು ಪಕ್ಕದ ಮನೆ ಮಗುವೋ, ದನವೋ, ನೀವೋ ಆಗಿರುತ್ತೀರಿ.

ಬಾಡಿಗೆ ಮನೆಯೋ, ಸ್ವಂತದ್ದೋ?

ಬಾಡಿಗೆ ಮನೆಯಾದರೆ ವೈರ್‌ಲೆಸ್ ಸಾಕು. ಗೋಡೆ ಕೊರೆಯುವ ಹಾಗಿಲ್ಲ, ಅಡ್ವಾನ್ಸ್ ವಾಪಸ್ ಬರಬೇಕು, ಮೂರು ವರ್ಷಕ್ಕೆ ಮತ್ತೆ ವರ್ಗ. ಸೆನ್ಸರ್ ಅಂಟಿಸಿ, ಹೋಗುವಾಗ ಬಿಚ್ಚಿಕೊಂಡು ಹೋಗಿ. ಮಳೆಗಾಲದಲ್ಲಿ ತೇವದ ಗೋಡೆಗೆ ಡಬಲ್ ಟೇಪ್ ನಿಲ್ಲುವುದಿಲ್ಲ. ಮಾಲೀಕರನ್ನು ಕೇಳಿ ಎರಡು ಸಣ್ಣ ಸ್ಕ್ರೂ ಹಾಕುವುದು ಒಳ್ಳೆಯದು. ಪ್ರತಿ ಸೆನ್ಸರ್‌ಗೂ ಬೇರೆ ಸೆಲ್ ಇರುತ್ತದೆ, ಊರಿಗೆ ಹೋಗುವ ಮುಂಚೆ ಎಲ್ಲವನ್ನೂ ನೋಡಿ.

ಸ್ವಂತ ಮನೆಯಾದರೆ ವೈರಿಂಗ್ ಮಾಡಿಸಿ, ಅದರಲ್ಲೂ ಕಟ್ಟುತ್ತಾ ಇದ್ದರೆ. ಗಾರೆ ಆಗುವ ಮೊದಲೇ ಪ್ರತಿ ಬಾಗಿಲಿನ ಚೌಕಟ್ಟಿಗೂ ನಡುಮನೆಯ ಮೂಲೆಗೂ ಒಂದೊಂದು ಪೈಪ್ ಬಿಟ್ಟುಬಿಡಿ. ಪೈಪಿಗೆ ಆಗ ಜಾಸ್ತಿ ಖರ್ಚಿಲ್ಲ. ಆಮೇಲೆ ಗೋಡೆ ಒಡೆಸುವುದು ಇದೆಯಲ್ಲ, ಅದೇ ದುಬಾರಿ.

ಸೆನ್ಸರ್ ಎಲ್ಲಿ, ಹೇಗೆ

ಬಾಗಿಲಿನ ಸೆನ್ಸರ್ ಎರಡು ತುಂಡು. ಚೌಕಟ್ಟಿಗೆ ಕೂರುವ ತುಂಡಿನಲ್ಲಿ ಸಣ್ಣ ಗಾಜಿನ ಕೊಳವೆ, ಅದರೊಳಗೆ ಎರಡು ತೆಳು ಲೋಹದ ಪಟ್ಟಿ. ಬಾಗಿಲಿಗೆ ಕೂರುವ ತುಂಡು ಬರೀ ಮ್ಯಾಗ್ನೆಟ್. ಬಾಗಿಲು ಹಾಕಿದಾಗ ಮ್ಯಾಗ್ನೆಟ್ ಹತ್ತಿರ ಬಂದು ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ. ತೆಗೆದಾಗ ಬಿಟ್ಟುಕೊಳ್ಳುತ್ತವೆ. ಇಷ್ಟು ಸರಳವಾದ್ದು ನಮ್ಮೂರಲ್ಲಿ ಕೈಕೊಡುವುದು ಜೂನ್ ತಿಂಗಳಲ್ಲಿ. ಮಳೆ ಹಿಡಿದ ಮೇಲೆ ಮರದ ಬಾಗಿಲು ಉಬ್ಬುತ್ತದೆ, ಪೂರ್ತಿ ಕೂರುವುದಿಲ್ಲ, ಎರಡು ತುಂಡುಗಳ ನಡುವಿನ ಅಂತರ ಜಾಸ್ತಿಯಾಗುತ್ತದೆ. ಜೋರು ಗಾಳಿಗೆ ಬಾಗಿಲು ಅಲುಗಿದರೂ ಸೈರನ್. ಬೇಸಿಗೆಯಲ್ಲಿ ಹಾಕಿಸಿದರೆ ಐದಾರು ಮಿಲಿಮೀಟರ್ ಅಂತರದಲ್ಲಿ ಕೂರಿಸಲು ಹೇಳಿ, ಆಗ ಮಳೆಗಾಲದ ಉಬ್ಬಿಗೆ ಜಾಗ ಉಳಿಯುತ್ತದೆ. ಕಬ್ಬಿಣದ ಬಾಗಿಲು, ಶಟರ್‌ಗೆ ಈ ಸಾದಾ ಸೆನ್ಸರ್ ಆಗುವುದಿಲ್ಲ. ಕಬ್ಬಿಣ ಮ್ಯಾಗ್ನೆಟ್ಟಿನ ಶಕ್ತಿಯನ್ನು ತಿಂದುಬಿಡುತ್ತದೆ. ಅದಕ್ಕೇ ಅಂತ ದಪ್ಪ ಲೋಹದ ಸೆನ್ಸರ್ ಬರುತ್ತದೆ, ಅದನ್ನೇ ಕೇಳಿ.

ಓಡಾಟ ಗುರುತಿಸುವುದಕ್ಕೆ ಪಿಐಆರ್ ಅಂತಾರೆ. ಮೈಶಾಖ ಚಲಿಸುವುದನ್ನು ಅದು ಗುರುತಿಸುತ್ತದೆ. ಏಳು ಅಡಿ ಎತ್ತರದಲ್ಲಿ, ಕೋಣೆಯ ಮೂಲೆಯಲ್ಲಿ ಕೂರಿಸಿ. ನೇರ ಎದುರಿಗೆ ನಡೆದು ಬರುವವರಿಗಿಂತ ಅಡ್ಡ ಹಾದು ಹೋಗುವವರನ್ನು ಬೇಗ ಹಿಡಿಯುತ್ತದೆ, ಆದ್ದರಿಂದ ಬಾಗಿಲಿಗೆ ಮುಖ ಮಾಡಿ ಇಡುವ ಬದಲು ಬಾಗಿಲಿನ ದಾರಿಗೆ ಅಡ್ಡವಾಗಿ ನೋಡುವಂತೆ ಇಡಿ. ಬಿಸಿಲು ಬೀಳುವ ಕಿಟಕಿ, ಫ್ರಿಜ್, ಸೌದೆ ಒಲೆ ಅದರ ಎದುರಿಗೆ ಬೇಡ. ಮಳೆಗಾಲದಲ್ಲಿ ಹಾಲಿನಲ್ಲೇ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೀವಲ್ಲ, ಆ ಬಟ್ಟೆ ಗಾಳಿಗೆ ಆಡಿದರೂ ಕೂಗಬಹುದು. ಹಲ್ಲಿ ಸೆನ್ಸರ್ ಮುಖದ ಮೇಲೇ ಹರಿದರಂತೂ ಗ್ಯಾರಂಟಿ. ವೈರ್ ಒಳಗೆ ಹೋಗುವ ತೂತಿಗೆ ಸಿಲಿಕೋನ್ ತುಂಬಿಸಿ, ಇಲ್ಲದಿದ್ದರೆ ಇರುವೆ ಒಳಗೇ ಮನೆ ಮಾಡುತ್ತವೆ. ನಾಯಿ, ಬೆಕ್ಕು ಸಾಕಿದ್ದರೆ ಖರೀದಿಗೆ ಮೊದಲೇ ಹೇಳಿ.

ವೈರಿಂಗ್: ನಿಂತು ನೋಡಬೇಕಾದ ಕೆಲಸ

ಕೆಲಸದವರು ಬಂದ ದಿನ ಮನೆಯಲ್ಲಿ ಯಾರಾದರೂ ಇರಿ. ಟೀ ಕೊಟ್ಟು ಮಾತಾಡಿಸುತ್ತಾ ಇಷ್ಟು ಗಮನಿಸಿ.

ಬಾಗಿಲು ಹಾಕಿರುವಾಗ ವೈರಿನಲ್ಲಿ ಸಣ್ಣ ಕರೆಂಟು ಸದಾ ಹರಿಯುತ್ತಿರಬೇಕು, ಬಾಗಿಲು ತೆಗೆದರೆ ಅದು ಕಡಿಯಬೇಕು. ಹೀಗಿದ್ದರೆ ಯಾರಾದರೂ ವೈರ್ ಕತ್ತರಿಸಿದರೂ, ವೈರುಗಳೆಲ್ಲ ಬಂದು ಸೇರುವ ಮುಖ್ಯ ಪೆಟ್ಟಿಗೆಯಾದ ಪ್ಯಾನಲ್‌ಗೆ ಗೊತ್ತಾಗುತ್ತದೆ. ಎರಡು ವೈರನ್ನು ಒಂದಕ್ಕೊಂದು ತಾಗಿಸಿ ಮೋಸ ಮಾಡದಂತೆ ಸಾಲಿನ ಕೊನೆಗೆ ಒಂದು ರೆಸಿಸ್ಟರ್ ಇರುತ್ತದೆ, ಬಣ್ಣದ ಪಟ್ಟಿಗಳಿರುವ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಸಾಮಾನು. ಅದು ಇರಬೇಕಾದ್ದು ಸೆನ್ಸರ್ ತುದಿಯಲ್ಲಿ. ಕೆಲಸ ಸುಲಭ ಆಗಲಿ ಅಂತ ಕೆಲವರು ಪ್ಯಾನಲ್ ಪೆಟ್ಟಿಗೆಯಲ್ಲೇ ಸಿಕ್ಕಿಸಿ ಮುಚ್ಚಳ ಹಾಕುತ್ತಾರೆ. ಅಲ್ಲಿದ್ದರೆ ಅದು ಇದ್ದೂ ಇಲ್ಲದಂತೆ.

ಪರೀಕ್ಷೆ ಮಾಡುವುದು ಕಷ್ಟ ಏನಲ್ಲ. ಪ್ಯಾನಲ್ ಆಫ್ ಮಾಡಿ, ಆ ಝೋನಿನ (ಪ್ಯಾನಲ್ ಒಂದಾಗಿ ನೋಡುವ ಸೆನ್ಸರ್ ಸಾಲಿನ) ಎರಡು ವೈರ್ ಬಿಚ್ಚಿ, ಮಲ್ಟಿಮೀಟರ್ (ವೋಲ್ಟೇಜು, ರೆಸಿಸ್ಟರ್ ಬೆಲೆ ಅಳೆಯುವ ಮೀಟರ್) ಹಿಡಿಯಲು ಹೇಳಿ. ಬಾಗಿಲು ಹಾಕಿದ್ದಾಗ ರೆಸಿಸ್ಟರ್‌ನ ಬೆಲೆ ಕಾಣಬೇಕು. ಎಷ್ಟು ಅಂತ ಪ್ಯಾನಲ್ ಪುಸ್ತಕದಲ್ಲಿ ಇರುತ್ತದೆ. ಬಾಗಿಲು ತೆಗೆದಾಗ ಮೀಟರ್ 'OL' ಅಂತ (ಕೆಲವದರಲ್ಲಿ ಬರೀ 1 ಅಂತ) ತೋರಿಸಬೇಕು, ಅಂದರೆ ಸಾಲು ಕಡಿದಿದೆ. ಹಾಕಿದ್ದಾಗ ಸೊನ್ನೆಯ ಹತ್ತಿರ ತೋರಿಸಿದರೆ ತುದಿಯಲ್ಲಿ ರೆಸಿಸ್ಟರ್ ಇಲ್ಲ, ಅಥವಾ ವೈರ್ ಎಲ್ಲೋ ತಾಗಿಕೊಂಡಿದೆ.

ವೈರ್ ಉಳಿಸಲು ಎಲ್ಲ ಬಾಗಿಲುಗಳನ್ನೂ ಒಂದೇ ಝೋನಿಗೆ ಸೇರಿಸುವುದೂ ಉಂಟು. ಒಪ್ಪಬೇಡಿ. ಸುಳ್ಳು ಕೂಗು ಶುರುವಾದ ದಿನ ಯಾವ ಬಾಗಿಲು ಅಂತ ಹುಡುಕಿ ಸುಸ್ತಾಗುತ್ತೀರಿ.

ಅಲಾರಂ ವೈರನ್ನು ಮನೆಯ 230 ವೋಲ್ಟ್ ವೈರ್ ಇರುವ ಪೈಪಿನಲ್ಲಿ ತೂರಿಸಬಾರದು. ಒಂದು ಅಡಿ ದೂರ ಇರಲಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ. ವೈರ್ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ನಮ್ಮ ತೇವಕ್ಕೆ ನಿಲ್ಲುವುದಿಲ್ಲ. ತಾಮ್ರ ಹಸಿರುಗಟ್ಟಿ, ಹಿಡಿದು ಬಿಟ್ಟು ಆಡಲು ಶುರು ಮಾಡುತ್ತದೆ. ಜಾಯಿಂಟ್ ಇಲ್ಲದಿದ್ದರೆ ಒಳ್ಳೆಯದು, ಬೇಕೇ ಬೇಕಾದರೆ ಬೆಸುಗೆ ಹಾಕಿ ಸ್ಲೀವ್ ಏರಿಸಲಿ. ಹೊರಗಿನ ಸೈರನ್ ಮಾಡಿನ ಕೆಳಗೆ, ಕೈಗೆ ಎಟುಕದ ಎತ್ತರದಲ್ಲಿರಲಿ. ವೈರ್ ಪೆಟ್ಟಿಗೆಗಿಂತ ಕೆಳಗೆ ಬಾಗಿ ಮತ್ತೆ ಮೇಲೆ ಹತ್ತಿ ಒಳಗೆ ಹೋಗಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಪ್ಯಾನಲ್ ಒಳಕೋಣೆಯಲ್ಲಿ, ಕೀಪ್ಯಾಡ್ ಮಾತ್ರ ಬಾಗಿಲ ಹತ್ತಿರ. ಕಂಪನಿಯಿಂದ ಬಂದ ಕೋಡ್ 1234 ಥರದ್ದೇ ಇರುತ್ತದೆ. ನಿಮ್ಮ ಕೋಡನ್ನೂ, ಕೆಲಸದವರು ಬಳಸುವ ಇನ್‌ಸ್ಟಾಲರ್ ಕೋಡನ್ನೂ ಅವತ್ತೇ ಬದಲಿಸಿ.

ಕರೆಂಟು ಹೋದಾಗ

ಹೋಗುತ್ತದೆ. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಯಾವಾಗ ಬರುತ್ತದೋ ಹೇಳಲಾಗದು. ಮೂಡಿಗೆರೆ, ಕೊಪ್ಪ ಕಡೆ ತೋಟದ ಮನೆ ಹಿಡಿದವರಿಗೆ ಇದು ಇನ್ನೂ ಜಾಸ್ತಿ. ಇಲ್ಲಿನ ಕರೆಂಟು ಕಂಪನಿ ಮೆಸ್ಕಾಂಗೆ 1912ಕ್ಕೆ ಫೋನ್ ಮಾಡಿ, ಆದರೆ ಬ್ಯಾಟರಿಯನ್ನೇ ನಂಬಿ. ಸಾಮಾನ್ಯವಾಗಿ ಪ್ಯಾನಲ್ ಒಳಗೆ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಪ್ಯಾನಲ್, ಸೆನ್ಸರ್ ಎಲ್ಲ ಸೇರಿ 200 ಮಿಲಿಆಂಪಿಯರ್ ಎಳೆದರೆ ಕಾಗದದ ಮೇಲೆ 35 ಗಂಟೆ. ನಿಜದಲ್ಲಿ ಒಂದು ದಿನ ಅಂತ ಇಟ್ಟುಕೊಳ್ಳಿ, ಹಳೆಯದಾದರೆ ಅದೂ ಇಲ್ಲ. ಹಾಕಿದ ತಿಂಗಳು, ವರ್ಷವನ್ನು ಬ್ಯಾಟರಿ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಮೂರು ನಾಲ್ಕು ವರ್ಷಕ್ಕೆ ಬದಲಿಸಿ. ಮಳೆಗಾಲಕ್ಕೆ ಮುಂಚೆ ಒಂದು ರಾತ್ರಿ ಪ್ಯಾನಲ್‌ನ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್) ಇಳಿಸಿಟ್ಟು, ಬೆಳಿಗ್ಗೆ ಸೈರನ್ ಪೂರ್ತಿ ದನಿಯಲ್ಲಿ ಕೂಗುತ್ತದೋ ನೋಡಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿರಿ, ಮತ್ತೆ!

ಏಪ್ರಿಲ್, ಮೇ ತಿಂಗಳ ಸಿಡಿಲು ಬೇರೆ. ಮೀಟರ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಪ್ಯಾನಲ್ ಸುಟ್ಟುಹೋಗಬಹುದು. ಈ 230 ವೋಲ್ಟಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರದ್ದು, ನೀವು ಕೈ ಹಾಕಬೇಡಿ.

ಫೋನು, ಪಕ್ಕದ ಮನೆ, ಪೊಲೀಸು

ವೈಫೈ ಅಲಾರಂ ಆದರೆ ರೂಟರ್‌ಗೂ ಯುಪಿಎಸ್ ಬೇಕು. ಅಲಾರಂ ಕೂಗಿದಾಗ ತಾನಾಗೇ ಫೋನ್ ಮಾಡುವ, ಸಿಮ್ ಹಾಕುವ ಅಗ್ಗದ ಡಯಲರ್‌ಗಳಲ್ಲಿ ಎಷ್ಟೋ 2ಜಿಯಲ್ಲಿ ಮಾತ್ರ ನಡೆಯುತ್ತವೆ. ಜಿಯೋದಲ್ಲಿ 2ಜಿ ಇಲ್ಲ, ಆ ಸಿಮ್ ಹಾಕಿದರೆ ಕರೆ ಹೋಗುವುದೇ ಇಲ್ಲ. 4ಜಿ ಡಯಲರ್ ಕೇಳಿ ತಗೊಳ್ಳಿ, ಸಿಮ್ ರೀಚಾರ್ಜ್ ಮರೆಯಬೇಡಿ.

ನೀವು ಬೀದರ್‌ನಲ್ಲಿ ಕೂತು ಮೆಸೇಜ್ ನೋಡಿದರೆ ಏನು ಮಾಡಲಾಗುತ್ತದೆ? ಹೋಗಿ ನೋಡುವವರು ಪಕ್ಕದ ಮನೆಯ ಅಂಕಲ್, ಆಂಟಿಯೇ ಅಲ್ವಾ? ಡಯಲರ್‌ನಲ್ಲಿ ಅವರ ನಂಬರನ್ನೂ ಹಾಕಿ. ಸೈರನ್ ಕೂಗಿದರೆ ಒಳಗೆ ನುಗ್ಗಬೇಡಿ, ಲೈಟ್ ಹಾಕಿ 112ಕ್ಕೆ ಫೋನ್ ಮಾಡಿ ಅಂತ ಹೇಳಿಡಿ. ಮನೆ ನಂಬರು, ಕ್ರಾಸು, ಹತ್ತಿರದ ಗುರುತು ಬರೆದ ಚೀಟಿಯನ್ನೂ ಅವರ ಕೈಗೆ ಕೊಡಿ, ಗಾಬರಿಯಲ್ಲಿ ಯಾರಿಗೂ ವಿಳಾಸ ನೆನಪಾಗುವುದಿಲ್ಲ. ಜಾಸ್ತಿ ದಿನ ಹೋಗುವುದಾದರೆ ಠಾಣೆಗೂ ತಿಳಿಸಿ. ಊರಿಗೆ ಹೊರಟ ಫೋಟೋಗಳನ್ನು ವಾಪಸ್ ಬಂದ ಮೇಲೆ ಹಾಕಿ.

ಪರೀಕ್ಷೆ ಮಾಡಲು ಮಲ್ಟಿಮೀಟರ್ ಬೇಕಾದವರು ಸಂಘದ ಕಚೇರಿಯಿಂದ ಒಯ್ಯಬಹುದು. ಪುಸ್ತಕದಲ್ಲಿ ಹೆಸರು ಬರೆದು, ಎರಡು ದಿನದೊಳಗೆ ಸೆಲ್ ಸಮೇತ ತಂದಿಡಿ.