ಫೋಟೋದಿಂದ ಕ್ರಾಸ್ ಸ್ಟಿಚ್ ಚಾರ್ಟ್: ಅಜ್ಜಿಯ ಮುಖ ಕಲಿಸಿದ್ದು

ಫೋಟೋ ಹಾಕಿದರೆ ಯಾವ ಮನೆಗೆ ಯಾವ ಬಣ್ಣದ ದಾರ ಎಂದು ತೋರಿಸುವ ಚೌಕಳಿ ನಕ್ಷೆ, ಅಂದರೆ ಚಾರ್ಟ್, ಮಾಡಿಕೊಡುವ ಆ್ಯಪ್‌ಗಳಿವೆ. ಮೊದಲ ಸಲ ಅಜ್ಜಿಯ ಫೋಟೋ ಹಾಕಿದಾಗ ಆ್ಯಪ್ 62 ಬಣ್ಣ ಕೊಟ್ಟಿತು. ಕೆನ್ನೆಯೊಂದಕ್ಕೇ ಹನ್ನೊಂದು ಕಂದು! ಎರಡು ವಾರ ಹೊಲಿದು, ದೂರ ನಿಂತು ನೋಡಿದರೆ ಅಜ್ಜಿಗೆ ಸಿಡುಬು ಎದ್ದ ಹಾಗಿತ್ತು. ಅಷ್ಟನ್ನೂ ಬಿಚ್ಚಿದೆ.

ತಪ್ಪು ನನ್ನದೇ. ಫೋಟೋವನ್ನು ಇದ್ದ ಹಾಗೇ ಹಾಕಿದ್ದೆ. ಹಿಂದೆ ಬಾಗಿಲು, ತೋರಣ, ಒಣಹಾಕಿದ ಬಟ್ಟೆ ಎಲ್ಲಾ ಇತ್ತು. ಈಗ ಮೊದಲು ಮುಖ, ಹೆಗಲು ಬಿಟ್ಟು ಉಳಿದದ್ದನ್ನು ಕತ್ತರಿಸುತ್ತೇನೆ, ಹಿನ್ನೆಲೆ ಅಳಿಸಿಬಿಡುತ್ತೇನೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋ ಬೇಡ, ಮುಖ ಚಪ್ಪಟೆಯಾಗುತ್ತದೆ. ಕಿಟಕಿ ಪಕ್ಕ ಕೂತದ್ದು ಒಳ್ಳೆಯದು. ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ನೆರಳು ಇದ್ದರೆ ಮೂಗು ತಾನೇ ಎದ್ದು ಕಾಣುತ್ತದೆ.

ಆಮೇಲೆ ಲೆಕ್ಕ. ನನ್ನದು 14 ಕೌಂಟ್ ಐಡಾ, ಅಂದರೆ ಇಂಚಿಗೆ 14 ಮನೆ ಬರುವ ಹಾಗೆ ಚೌಕ ಚೌಕವಾಗಿ ನೇಯ್ದ ಬಟ್ಟೆ. ಒಂದು ಮನೆಗೆ ಒಂದು ಅಡ್ಡ ಹೊಲಿಗೆ. ಅಗಲ 98 ಮನೆ, ಎತ್ತರ 140 ಮನೆ ಇಟ್ಟರೆ ಚಿತ್ರ 7 ಇಂಚು, 10 ಇಂಚು. ಪೂರ್ತಿ ತುಂಬಿದರೆ 13,720 ಹೊಲಿಗೆ. ನನ್ನ ಕೈಗೆ ಗಂಟೆಗೆ ನೂರು ಬೀಳುತ್ತದೆ, ನೀವೇ ಲೆಕ್ಕ ಹಾಕಿ. ಹಿನ್ನೆಲೆ ಖಾಲಿ ಬಿಟ್ಟರೆ ಎಷ್ಟೋ ಉಳಿಯುತ್ತದೆ. ಹಾಗಂತ ಮುಖವನ್ನೇ ಚಿಕ್ಕದು ಮಾಡಬೇಡಿ. ಮುಖದ ಅಗಲದಲ್ಲಿ ಕಣ್ಣು ಸುಮಾರು ಐದನೇ ಒಂದು ಪಾಲು. ಮುಖಕ್ಕೆ 20 ಮನೆ ಕೊಟ್ಟರೆ ಕಣ್ಣಿಗೆ ಸಿಗುವುದು ನಾಲ್ಕೇ ಮನೆ. ಅಷ್ಟರಲ್ಲಿ ಯಾರ ಕಣ್ಣಾದರೂ ಒಂದೇ ಅಲ್ವಾ? ನಾನು 60ಕ್ಕಿಂತ ಕಡಿಮೆ ಕೊಡುವುದಿಲ್ಲ. ಮನೆಗೊಂದು ಪಿಕ್ಸೆಲ್ ಲೆಕ್ಕದಲ್ಲಿ ಫೋಟೋವನ್ನು 98 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಿ. ಆಗಲೂ ಗುರುತು ಸಿಕ್ಕರೆ ದಾರದಲ್ಲೂ ಸಿಗುತ್ತದೆ.

ಪಿಕ್2ಪ್ಯಾಟ್‌ನಂಥ ಉಚಿತ ತಾಣದಲ್ಲೇ ಚಾರ್ಟ್ ಆಗುತ್ತದೆ. ಬಣ್ಣ 20ರ ಆಸುಪಾಸಿಗೆ ನಿಲ್ಲಿಸಿ. ಚರ್ಮಕ್ಕೆ ಐದು ಸಾಕು. ದಾರದ ಕಂಪನಿಯನ್ನು ಮೊದಲೇ ಸರಿಯಾಗಿ ಆರಿಸಿ, ಯಾಕೆಂದರೆ ನಂಬರ್ ಬೇರೆ ಬೇರೆ. ಡಿಎಂಸಿಯ ಕಪ್ಪು 310, ಆಂಕರ್‌ನ ಕಪ್ಪು 403. ಪರದೆ ಮೇಲಿನ ಬಣ್ಣ ನಂಬಬೇಡಿ. ಅಂಗಡಿಯಲ್ಲಿ ಲಡಿಗಳನ್ನು ಬಾಗಿಲ ಬೆಳಕಿಗೆ ತಂದು ಅಕ್ಕಪಕ್ಕ ಇಟ್ಟು ನೋಡಿ.

ಇನ್ನು ನಿಜವಾದ ಕೆಲಸ. ಚಾರ್ಟ್‌ನಲ್ಲಿ ಅಲ್ಲಲ್ಲಿ ಒಂಟಿ ಮನೆಗಳು ಸಾಸಿವೆ ಚೆಲ್ಲಿದ ಹಾಗೆ ಬಿದ್ದಿರುತ್ತವೆ. ಒಂದು ಹೊಲಿಗೆಗಾಗಿ ಸೂಜಿಗೆ ಬೇರೆ ದಾರ ಪೋಣಿಸಬೇಕು. ಕೆನ್ನೆ, ಸೀರೆಯ ಮೇಲಿನವನ್ನು ಪಕ್ಕದ ಬಣ್ಣಕ್ಕೆ ಸೇರಿಸಿಬಿಡಿ. ಕಣ್ಣು, ತುಟಿಯ ಹತ್ತಿರ ಮಾತ್ರ ಸುಮ್ನೆ ಅಳಿಸಬೇಡಿ, ನೋಟ ಅಲ್ಲೇ ಇರುತ್ತದೆ.

ಅಜ್ಜಿ ಕಸೂತಿಯಲ್ಲಿ ಮೆಂತಿ ಹಾಕುತ್ತಿದ್ದದ್ದೂ ಇದೇ ಅಡ್ಡ ಹೊಲಿಗೆ. ಆಕೆಗೆ ಚಾರ್ಟ್ ಬೇಕಿರಲಿಲ್ಲ, ಬಟ್ಟೆಯ ಎಳೆ ಎಣಿಸಿಕೊಂಡೇ ಗೋಪುರ ಎಬ್ಬಿಸುತ್ತಿದ್ದಳು. ನನಗೆ ಹತ್ತು ಮನೆಗೊಂದು ದಪ್ಪ ಗೆರೆ ಇರುವ ಪ್ರಿಂಟೇ ಬೇಕು.

ಎರಡನೇ ಚಾರ್ಟನ್ನು ತಂಗಿಗೆ ಕಳಿಸಿದೆ. ಅವಳು ಕೇಳಿದ್ದು ಒಂದೇ, "ಮೂಗುತಿ ಎಲ್ಲಿ?" ನೋಡಿದರೆ ಆ್ಯಪ್ ಅದನ್ನು ಚರ್ಮದ ಬಣ್ಣಕ್ಕೇ ಸೇರಿಸಿಬಿಟ್ಟಿತ್ತು. ಎಡ ಮೂಗಿನ ಮೇಲೆ ನಾನೇ ಮೂರು ಮನೆ ಬದಲಿಸಿದೆ. ನಡುವೆ ಬಿಳಿ, ಎಡಕ್ಕೊಂದು ಹಳದಿ, ಕೆಳಗೆ ಕಡುಕಂದು.