ಮೂರೇ ಕನ್ವರ್ಟರ್‌ನಲ್ಲಿ ಜಾತ್ರೆಯ ಲೈವ್

ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ನಂದಿಕೋಲು ಮೆರವಣಿಗೆ, ಸಂಜೆಯ ವೇದಿಕೆ, ಎರಡನ್ನೂ ಲೈವ್ ತೋರಿಸಬೇಕು ಅನ್ಕೊಳ್ಳಿ. ದೊಡ್ಡ ಕ್ಯಾಮೆರಾಗಳು 1080ಐ50ರಲ್ಲಿ (1080 ಗೆರೆಯ ಚಿತ್ರ, ಸೆಕೆಂಡಿಗೆ 50 ಅರ್ಧ ಚಿತ್ರ) ಓಡುತ್ತವೆ. ಹೆಸರು ಹಾಕುವ ಲ್ಯಾಪ್‌ಟಾಪ್ 1080ಪಿ60 (ಸೆಕೆಂಡಿಗೆ 60 ಪೂರ್ತಿ ಚಿತ್ರ) ಕೊಡುತ್ತದೆ, ವೇದಿಕೆ ಮೇಲಿನ ಚಿಕ್ಕ ಕ್ಯಾಮೆರಾ 1080ಪಿ50. ಯಾವ ಚಿತ್ರ ತೋರಿಸಬೇಕೆಂದು ಆರಿಸುವ ನಿಮ್ಮ ಸ್ವಿಚರ್‌ಗೆ 1080ಐ50 ಬಿಟ್ಟು ಬೇರೆ ಆಗದು ಎಂದರೆ ನಡುವೆ ಫಾರ್ಮ್ಯಾಟ್ ಬದಲಿಸುವ ಕನ್ವರ್ಟರ್ ಬೇಕು. ಒಂದೊಂದಕ್ಕೂ ಬಾಡಿಗೆ ಕಟ್ಟುವ ಬದಲು ಮೂರನ್ನು ವಿಡಿಯೋ ರೂಟರ್‌ಗೆ (ಯಾವ ಇನ್‌ಪುಟ್ ಅನ್ನಾದರೂ ಬೇಕಾದ ಔಟ್‌ಪುಟ್‌ಗೆ ಕಳಿಸುವ ಪೆಟ್ಟಿಗೆ) ಜೋಡಿಸಿ, ಎಲ್ಲರೂ ಹಂಚಿಕೊಳ್ಳಲಿ.

ರೂಟರ್‌ನ ಔಟ್‌ಪುಟ್‌ನಿಂದ ಕನ್ವರ್ಟರ್‌ಗೆ ಒಂದು ಕೇಬಲ್, ಅಲ್ಲಿಂದ ಮರಳಿ ರೂಟರ್‌ನ ಇನ್‌ಪುಟ್‌ಗೆ ಇನ್ನೊಂದು. 16 ಇನ್‌ಪುಟ್, 16 ಔಟ್‌ಪುಟ್ ಇದ್ದರೆ ಎರಡೂ ಕಡೆ 13 ಉಳಿಯುತ್ತವೆ. ರೂಟರ್ 3ಜಿ ಎಸ್‌ಡಿಐ (ಕೇಬಲ್‌ನಲ್ಲಿ ವಿಡಿಯೋ ಕಳಿಸುವ ಒಂದು ಮಾನದಂಡ) ಆಗಿರಲಿ. 1080ಪಿ50, 1080ಪಿ60 ಎರಡಕ್ಕೂ ಸೆಕೆಂಡಿಗೆ 2.97 ಗಿಗಾಬಿಟ್ ದಾರಿ ಬೇಕು.

ಇನ್ನು ಹಂಚಿಕೆ. ಎಡವುವುದು ಇಲ್ಲೇ. ಲ್ಯಾಪ್‌ಟಾಪ್ ಚಿತ್ರ ಸ್ವಿಚರ್, ರೆಕಾರ್ಡರ್, ರಸ್ತೆ ಬದಿಯ ಎಲ್‌ಇಡಿ ಪರದೆ ಮೂರಕ್ಕೂ ಬೇಕು. ಚಿಕ್ಕ ಕ್ಯಾಮೆರಾ ಸ್ವಿಚರ್‌ಗೆ, ಎರಡನೇ ರೆಕಾರ್ಡರ್‌ಗೆ. ಹೋಗುವ ಜಾಗ ಎಣಿಸಿದರೆ ಐದು ಕನ್ವರ್ಟರ್ ಬೇಕಾಯಿತು! ಆದರೆ ಜೋಳ ಒಮ್ಮೆ ಬೀಸಿಸಿದರೆ ಹಿಟ್ಟನ್ನು ಎಷ್ಟು ಮನೆಗಾದರೂ ಕೊಡಬಹುದು, ಅಲ್ವಾ? ಬದಲಾದ ಸಿಗ್ನಲ್ ಕೂಡ ರೂಟರ್‌ಗೆ ಮರಳಿದ ಮೇಲೆ ಎಷ್ಟು ಔಟ್‌ಪುಟ್‌ಗಾದರೂ ಹೋಗುತ್ತದೆ. ಎಲ್ಲ ಕಡೆಗೂ 1080ಐ50 ಆದರೆ ಎರಡೇ ಸಾಕು. ಹಾಗಾಗಿ ‘ಯಾವ ಸಿಗ್ನಲ್, ಯಾವ ಫಾರ್ಮ್ಯಾಟ್‌ಗೆ’ ಎಂದು ಹಾಳೆಯಲ್ಲಿ ಬರೆದು, ಒಂದು ಜೋಡಿಗೆ ಒಂದೇ ಕನ್ವರ್ಟರ್ ಕೊಡಿ. ಎಲ್‌ಇಡಿಯವರು 1080ಪಿ50 ಕೇಳಿದರೆ ಅದು ಹೊಸ ಜೋಡಿ, ಮೂರನೆಯದೂ ಹೋಯಿತು. 1080ಐ50 ತಗೊಳ್ಳಲು ಅವರನ್ನು ಒಪ್ಪಿಸಿ, ಒಂದನ್ನು ಕೈಯಲ್ಲಿಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ.

ನಡುವೆ ಯಾರಾದರೂ ಹೊಸದಾಗಿ ಸಿಗ್ನಲ್ ಕೇಳಿದರೆ ಮೊದಲು ನೋಡಬೇಕಾದ್ದು, ನೇರವಾಗಿ ಕೊಟ್ಟರೆ ನಡೆಯುತ್ತದೆಯೇ? ಇಲ್ಲವಾದರೆ, ಅದೇ ಜೋಡಿ ಈಗಾಗಲೇ ಓಡುತ್ತಿದೆಯೇ? ಅದೂ ಇಲ್ಲದಿದ್ದರೆ ಮಾತ್ರ ಖಾಲಿ ಕನ್ವರ್ಟರ್ ಮುಟ್ಟಿ. ಸಿಗ್ನಲ್ ಒಳಗೆ ಕೊಟ್ಟು, ಫಾರ್ಮ್ಯಾಟ್ ಇಟ್ಟು, ಮಾನಿಟರ್‌ನಲ್ಲಿ ಚಿತ್ರ ನಿಂತ ಮೇಲೆ ಮುಂದಕ್ಕೆ ಕಳಿಸಿ.

ಕೆಲಸದಲ್ಲಿರುವ ಕನ್ವರ್ಟರ್‌ನ ಸೆಟ್ಟಿಂಗ್ ಮಾತ್ರ ಮುಟ್ಟಬೇಡಿ. ಒಂದು ವರ್ಷ ಪರದೆಯ ಚಿತ್ರ ಸರಿ ಮಾಡಲು ಹೋಗಿ ನಾನು ಮುಟ್ಟಿದೆ. ಅದೇ ಸಿಗ್ನಲ್ ರೆಕಾರ್ಡರ್‌ಗೂ ಹೋಗುತ್ತಿತ್ತು. ಅಷ್ಟು ಹೊತ್ತಿನ ಮೆರವಣಿಗೆ ರೆಕಾರ್ಡೇ ಆಗಲಿಲ್ಲ. ಅದನ್ನು ಮತ್ತೆ ಎಲ್ಲಿಂದ ತರುವುದು? ರೂಟರ್‌ನಲ್ಲಿ ಲಾಕ್ ಇದ್ದರೆ ಹಾಕಿ. ಕೊನೆಯ ಜಾಗವೂ ಆ ಸಿಗ್ನಲ್ ಬಿಟ್ಟ ಮೇಲೆ ಹಾಳೆಯಲ್ಲಿ ಗೆರೆ ಹೊಡೆದು ಕನ್ವರ್ಟರ್ ಬಿಡಿಸಿ.

ಕನ್ವರ್ಟರ್ ಚಿತ್ರವನ್ನು ಒಂದೆರಡು ಫ್ರೇಮ್ ತಡ ಮಾಡಬಹುದು. 1080ಐ50ರಲ್ಲಿ ಒಂದು ಫ್ರೇಮ್ (ಒಂದು ಪೂರ್ತಿ ಚಿತ್ರ) ಎಂದರೆ 40 ಮಿಲಿಸೆಕೆಂಡ್. ಧ್ವನಿ ಮಿಕ್ಸರ್‌ನಿಂದ ಬೇರೆ ಬರುತ್ತಿದ್ದರೆ ಅದನ್ನೂ ಅಷ್ಟೇ ತಡ ಮಾಡಿ. ಜನ ಸೇರುವ ಮೊದಲೇ ಚಿಕ್ಕ ಕ್ಯಾಮೆರಾ ಮುಂದೆ ಒಬ್ಬರಿಂದ ಚಪ್ಪಾಳೆ ತಟ್ಟಿಸಿ, ಕೈ ಕೂಡುವುದೂ ಸದ್ದೂ ಒಟ್ಟಿಗೆ ಬರುವ ತನಕ ಸರಿಪಡಿಸಿಕೊಳ್ಳಿ.